ಕೈ ಇಡಲು ನಾಚಿದವರು

ಮಧ್ಯಾಹ್ನ ಮೂರೂವರೆ. ಉಡುಪು ಕಾರ್ಖಾನೆಯಲ್ಲಿ ಹೃದಯ ನಿಂತು ಕುಸಿದುಬಿದ್ದ ಹೆಂಗಸೊಬ್ಬರನ್ನು ತೀವ್ರ ನಿಗಾ ಘಟಕಕ್ಕೆ ಸೇರಿಸಿದ್ದರು. ಹೊರಗಿನ ಬೆಂಚಿನಲ್ಲಿ, ಬೇರೊಬ್ಬ ರೋಗಿಗಾಗಿ ಕಾಯುತ್ತಿದ್ದ ನನ್ನ ಪಕ್ಕದಲ್ಲೇ, ಅವರ ವಿಭಾಗದ ಸೂಪರ್‌ವೈಸರ್ ಮತ್ತು ಬಟ್ಟೆ ಕತ್ತರಿಸುವ ಮಾಸ್ಟರ್ ಕೂತಿದ್ದರು. ಮೊದಲು ಮಾತೆತ್ತಿದ್ದು ಮಾಸ್ಟರ್.

“ಹೋದ ವಾರ ತಾನೇ ಹೃದಯ ನಿಂತ್ರೆ ಏನು ಮಾಡ್ಬೇಕು ಅಂತ ಟ್ರೇನಿಂಗ್ ಕೊಟ್ಟಿದ್ರು ಸಾರ್. ಗೊಂಬೆ ಎದೆ ಒತ್ತಿ ಎಲ್ಲರಿಗಿಂತ ಚೆನ್ನಾಗಿ ತೋರಿಸಿದ್ದು ನೀವೇ. ಚಪ್ಪಾಳೆ ಬೇರೆ ಬಿತ್ತು.”

“ಅದು ಗೊಂಬೆ ಕಣಯ್ಯಾ. ಇವರು ಹೆಣ್ಣುಮಗಳು. ಅಷ್ಟು ಗಂಡಸರೆದುರು ಎದೆ ಮೇಲೆ ಹೇಗೆ ಕೈ ಇಡೋದು?”

“ಅದಕ್ಕೇ ಮೇಲಿನ ಮಹಡಿಯಿಂದ ಯಾರಾದ್ರೂ ಹೆಂಗಸರನ್ನ ಕರ್ಕೊಂಡು ಬಾ ಅಂತ ನನ್ನ ಓಡಿಸಿದ್ರಿ.”

“ನೀನೂ ಓಡಿದೆಯಲ್ಲ.”

“ಓಡಿದೆ. ಸದ್ಯ, ಬಚಾವಾದೆ ಅನ್ನಿಸ್ತು.”

ಮಾಸ್ಟರ್ ಸೂಪರ್‌ವೈಸರ್ ಕಡೆ ತಿರುಗಿ ಕೂತರು.

“ನಾನು ವಾಪಸ್ ಬರೋಕೆ ಮುಂಚೆ ಬಂದ ಆಂಬುಲೆನ್ಸಿನವನು ಏನಂದ ಸಾರ್?”

“ಬಂದವನೇ ಒತ್ತೋಕೆ ಶುರು ಮಾಡಿದ. ಇಷ್ಟು ಹೊತ್ತು ಏನು ಮಾಡ್ತಿದ್ರಿ ಅಂದ. ನನ್ನ ಕೈಯಲ್ಲಿ ರಟ್ಟಿನ ತುಂಡಿತ್ತು. ಗಾಳಿ ಬೀಸ್ತಾ ಇದ್ದೆ.”

“ಅವರ ಬದಲು ನಾನು ಬಿದ್ದಿದ್ರೆ?”

“ಪಕ್ಕೆಲುಬು ಮುರಿದ್ರೂ ಒತ್ತೋದು ಬಿಡ್ತಿರಲಿಲ್ಲ ಕಣೋ.”

ಅಷ್ಟರಲ್ಲಿ ಆಕೆಯ ಗಂಡ ಬಂದು ಸೂಪರ್‌ವೈಸರ್ ಕೈ ಹಿಡಿದುಕೊಂಡರು.

“ಪಕ್ಕದಲ್ಲೇ ಇದ್ರಂತೆ. ನಿಮ್ಮ ಉಪಕಾರ ಮರೆಯಲ್ಲ ಅಣ್ಣಾ.”

ಸೂಪರ್‌ವೈಸರ್ ತಲೆ ಎತ್ತಲಿಲ್ಲ.

“ನೀವು ಕೂತ್ಕೊಳ್ಳಿ. ಟೀ ತರ್ತೀವಿ.”

ಇಬ್ಬರೂ ಮೆಟ್ಟಿಲಿಳಿದು ಹೋದರು. ಸ್ವಲ್ಪ ಹೊತ್ತಿಗೆ ನರ್ಸ್ ಬಾಗಿಲು ತೆರೆದು, ಹೆಂಡತಿಗೆ ಇನ್ನೂ ಪ್ರಜ್ಞೆ ಬಂದಿಲ್ಲವೆಂದು ಗಂಡನಿಗೆ ತಿಳಿಸಿದರು.