ಎಂಟನೇ ದಿನದ ಹೆಸರು

ಕುಮಾಸಿಯ ಆಸ್ಪತ್ರೆಯಲ್ಲಿ ಲಸಿಕೆಯ ಸರದಿಗೆ ಕಾದು ಕುಳಿತಿದ್ದ ಅರಾಬಾಳ ಪಕ್ಕದಲ್ಲೇ ಒಬ್ಬ ಬಾಣಂತಿಗೂ ಅವಳ ತಾಯಿಗೂ ಮಾತು ಹತ್ತಿಕೊಂಡಿತ್ತು. ಅಜ್ಜಿಯ ತೊಡೆಯ ಮೇಲೆ ಐದು ದಿನದ ಹೆಣ್ಣುಕೂಸು ನಿದ್ದೆ ಹೋಗಿತ್ತು.

"ಎಂಟನೇ ದಿನ ನಿನ್ನ ಮಾವ ನಾಲಿಗೆಗೆ ನೀರು ಮುಟ್ಟಿಸಿ ಕರೆಯೋವರೆಗೂ ಮಗು ಹೆಸರು ಹೊರಗೆ ಬರಬಾರದು ಅಂತ ಗೊತ್ತಿರಲಿಲ್ವೇನೇ?"

"ಯಾರಿಗೂ ಹೇಳಿಲ್ಲಮ್ಮ. ನನ್ನ ಬ್ಲಾಗ್‌ನಲ್ಲಿ ಬರ್ದೆ, ಅಷ್ಟೆ."

"ಊರಿಗೆಲ್ಲ ಡಂಗುರ ಹೊಡೆದು ಅಷ್ಟೇ ಅಂತಾಳೆ!"

"ಮನೆ ಗುಟ್ಟು ಬಯಲಾಗಬಾರದು ಅಂತ ಎಲ್ಲರ ಹೆಸರೂ ಬದಲಾಯಿಸಿದೀನಿ. ನಿಂದು, ಅವರದ್ದು, ಮಾವಂದು..."

"ಮಗೂದು?"

"ಅದೊಂದು ಹಾಗೇ ಬಿಟ್ಟೆ. ಎಷ್ಟು ಚೆನ್ನಾಗಿದೆಯಮ್ಮ, ಬದಲಾಯಿಸೋಕೆ ಮನಸ್ಸೇ ಬರ್ಲಿಲ್ಲ."

"ಮುದುಕರ ಹೆಸರು ಮುಚ್ಚಿಟ್ಟು, ಮುಚ್ಚಿಡಬೇಕಾದ್ದನ್ನೇ ಬೀದಿಗಿಟ್ಟೆ. ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ!"

"ಬೆಳಿಗ್ಗೆನೇ ಅಳಿಸಿದೀನಿ ಕಣಮ್ಮ. ಓದೋರೆಲ್ಲ ಎಲ್ಲೋ ದೂರದೋರು. ಇಲ್ಲಿ ಯಾರಿಗೆ ಗೊತ್ತಾಗುತ್ತೆ?"

ಅಷ್ಟರಲ್ಲಿ ನರ್ಸ್ ಕರೆದಳು. ಇಬ್ಬರೂ ದಡಬಡನೆ ಎದ್ದು ಹೊರಟಾಗ ಕೂಸಿನ ಟೋಪಿ ಜಾರಿ ಅರಾಬಾಳ ಕಾಲ ಬಳಿ ಬಿತ್ತು.

"ಅಮ್ಮಾ, ಪೊಕುವಾಳ ಟೋಪಿ!" ಎಂದು ಕೂಗಿದ ಅರಾಬಾ ನಾಲಿಗೆ ಕಚ್ಚಿಕೊಂಡಳು. ನಿನ್ನೆ ಮೊಬೈಲಿನಲ್ಲಿ ಆ ಬ್ಲಾಗ್ ತೆರೆದು ಓದಿದ್ದ ಹೆಸರು ತಾನಾಗಿ ಬಾಯಿಗೆ ಬಂದುಬಿಟ್ಟಿತ್ತು.

ಅಜ್ಜಿ ತಿರುಗಿ ಬಂದು ಟೋಪಿ ಇಸಿದುಕೊಂಡಳು. ಮಗಳ ಮುಖವನ್ನೊಮ್ಮೆ ನೋಡಿದಳು.

"ಶನಿವಾರ ಬೆಳಗಿನ ಜಾವ ನೀನೇ ಬಂದು ಹೆಸರು ಕರೆದುಬಿಡಮ್ಮ," ಎಂದಳು ಅರಾಬಾಳಿಗೆ. "ನಮ್ಮ ಬೀಗರು ಮಲಗಿರ್ಲಿ."