ಬೆಲ್ಲಿಯ ಬಾಣಂತನ

ಎತ್ತಬೇಡ, ಎತ್ತಬೇಡ ಸಣ್ಣಿ! ಸೊಂಟಕ್ಕೆ ಕೈ ಹಾಕಬೇಡ, ಅಲ್ಲೇ ನೋವು ನಾಯಿಗೆ. ಮೊದಲು ಬ್ಯಾಗ್ ಕೆಳಗಿಡು. ಪಕ್ಕದಲ್ಲಿ ಕೂತು ತಲೆ ಸವರು, ಸಾಕು. ನೋಡು, ನಿನ್ನ ಕಂಡ ತಕ್ಷಣ ಬಾಲ ಆಡಿಸ್ತಿದೆ. ಬಾಲ ಒಂದು ಆಡುತ್ತೆ... ಹಿಂದಿನ ಕಾಲೆರಡೂ ಇನ್ನೂ ಏಳ್ತಿಲ್ಲ.

ಹೇಳ್ತೀನಿ ಮಾರಾಯ್ತಿ, ಎಲ್ಲಾ ಹೇಳ್ತೀನಿ. ಫೋನಲ್ಲಿ ಹೇಳಿದ್ರೆ ನೀನು ಚನ್ನಗಿರಿಯಲ್ಲಿ ಒಂದು ದಿನ ನಿಲ್ತಿದ್ಯಾ? ಹಸಿ ಬಾಣಂತಿ ತಂಗೀನ ಬಿಟ್ಟು ಮುಂದಿನ ಬಸ್ಸಿಗೇ ಭದ್ರಾವತಿಗೆ ಓಡಿ ಬರ್ತಿದ್ದೆ. ದಿನಾ ನೀನು ಕೇಳ್ತಿದ್ದೆ, ಬೆಲ್ಲಿ ಹೆಂಗಿದೆ ಅಂತ. ಆರಾಮಿದೆ, ಉಂಡು ಮಲಗಿದೆ ಅಂತಿದ್ದೆ ನಾನು. ಮಲಗಿದ್ದಂತೂ ಸುಳ್ಳಲ್ಲ.

ಬೈಕು. ನೀನು ಹೋದ ಮಾರನೇ ದಿನ ಬೆಳಿಗ್ಗೇನೇ. ಈ ಓಲ್ಡ್ ಟೌನ್ ಗಲ್ಲಿಯಲ್ಲಿ ಬೈಕು ಹೆಂಗೆ ಓಡಿಸ್ತಾರೆ, ನಿಂಗೊತ್ತಲ್ಲ. ಮೂಲೆ ತಿರುವಲ್ಲಿ ಹೊಡೆದ, ಹೋದ. ತಿರುಗಿ ಕೂಡ ನೋಡ್ಲಿಲ್ಲ ಬೇವರ್ಸಿ. ನಂಬರಾ? ಆ ಗಾಬರೀಲಿ ನಂಬರ್ ಎಲ್ಲಿ ನೋಡ್ಲಿ...

ಶಿವಮೊಗ್ಗದ ಗಾಂಧಿ ಬಜಾರಿಗೆ ಹಾಕಬೇಕಾದ ನಾಲ್ಕು ಮೂಟೆ ಬೆಲ್ಲ ಹಿಂದಿನ ಸಂಜೇನೇ ಲಗೇಜ್ ಆಟೋಗೆ ಏರಿಸಿಟ್ಟಿದ್ದೆ. ಅದನ್ನ ಇಲ್ಲೇ ಜಗುಲಿ ಮೇಲೆ ಉರುಳಿಸಿ, ಗೋಣಿಚೀಲ ಹಾಸಿ, ಇದನ್ನ ಮಲಗಿಸ್ಕೊಂಡು ಶಿವಮೊಗ್ಗಕ್ಕೆ ಹೊರಟೆ. ಮಾಚೇನಹಳ್ಳಿ ಹತ್ರ ಫ್ಯಾಕ್ಟರಿ ಶಿಫ್ಟ್ ಬಿಡೋ ಹೊತ್ತು, ರೋಡ್ ತುಂಬ ಜನ. ಹಾರ್ನ್ ಮೇಲಿಂದ ಕೈ ತೆಗೀಲೇ ಇಲ್ಲ ನಾನು. ಆಸ್ಪತ್ರೆ ಮುಟ್ಟಿ ಹಿಂದೆ ಬಂದು ನೋಡಿದ್ರೆ, ಬೆಲ್ಲದ ಚೀಲ ಅಲ್ವಾ, ಗಾಯದ ತುಂಬ ಇರುವೆ ಸಣ್ಣಿ. ಅದು ಸದ್ದೇ ಮಾಡ್ತಿಲ್ಲ. ನನ್ನನ್ನೇ ನೋಡ್ತಿದೆ. ಒಂದೊಂದೇ ಹೆಕ್ಕಿ ತೆಗೆದೆ... ಎಷ್ಟೋ ಉಳಿದೇ ಹೋದ್ವು.

ಡಾಕ್ಟರಮ್ಮ ಎಕ್ಸ್‌ರೇ ನೋಡಿ, ಸೊಂಟದ ಮೂಳೆ ಮುರಿದಿದೆ, ನರಕ್ಕೂ ಪೆಟ್ಟಾಗಿದೆ, ಜೀವಕ್ಕೇನೂ ಇಲ್ಲ, ಆದ್ರೆ ಎದ್ದು ನಡೆಯೋ ಮಾತು ನಾನು ಕೊಡಲ್ಲ ಅಂದ್ರು. ಮೂರು ವಾರ ನೋಡಿ ಅಂದ್ರು. ಅಷ್ಟರಲ್ಲಿ ಕಾಲು ಅಲ್ಲಾಡಿಸದೇ ಹೋದ್ರೆ ಕಷ್ಟ ಅಂತೆ. ನಾಳೆಗೆ ಮೂರು ವಾರ.

ಯಾಕೆ ನಗ್ತೀಯ? ಓ, ಇದಾ... ಹೌದು, ನಿನ್ನ ಹಳೇ ನೈಟೀನೇ. ಇದನ್ನ ಹೊಟ್ಟೆ ಕೆಳಗೆ ಹಾಕಿ, ಎರಡೂ ತುದಿ ಮೇಲಕ್ಕೆ ಹಿಡಿದು ಅಂಗಳದಲ್ಲಿ ನಡೆಸ್ತೀನಿ. ಮುಂದಿನ ಕಾಲು ಅದು ಹಾಕುತ್ತೆ, ಹಿಂದಿನ ಕಾಲು ನಾನು. ಬಿಸಿನೀರಲ್ಲಿ ಒರೆಸೋದು, ಗಂಜಿ ಕುಡಿಸೋದು, ಹುಣ್ಣಾಗಬಾರದು ಅಂತ ಮಗ್ಗುಲು ಬದಲಿಸೋದು. ನೀನು ಅಲ್ಲಿ ತಂಗಿ ಬಾಣಂತನ ಮಾಡಿದೆ, ನಾನಿಲ್ಲಿ ಇದರ ಬಾಣಂತನ ಮಾಡಿದೆ. ಒಂದು ಲೋಟ ಕಾಫಿ ಕಾಯಿಸೋಕೆ ಬರದ ಗಂಡಸು ಅಂತಿದ್ಯಲ್ಲ, ನೋಡೀಗ.

ಎದುರುಮನೆ ಜಹಾನಾರಕ್ಕ ಉಪ್ಪು ಹಾಕದ ಮೂಳೆ ಸಾರು ತಂದು ಕೊಡೋರು. ಧರ್ಮಪ್ಪಣ್ಣ, ನೀವೂ ಎರಡು ತುತ್ತು ತಿನ್ನಿ ಅಂತ ಬಲವಂತ ಮಾಡೋರು. ಬಸ್ ಇಳಿದು ಬರುವಾಗ ಸಿಕ್ಕಿದ್ರಾ? ಏನಾದ್ರೂ ಅಂದ್ರಾ? ಇಲ್ಲ... ಸುಮ್ನೆ ಕೇಳ್ದೆ.

ಆಟೋನಾ? ಆಸ್ಪತ್ರೆಯಿಂದ ತಂದು ನಿಲ್ಸಿದ್ದು, ಹಂಗೇ ಇದೆ. ಬರೋ ಲೋಡೆಲ್ಲ ಬೇರೆಯವರ ಗಾಡಿಗೆ ಹೇಳ್ದೆ. ಹತ್ತೋಕೆ ಮನಸಾಗಲ್ಲ ಕಣೇ. ದಿನಾ ಬೆಳಿಗ್ಗೆ ನೀನು ಊಟದ ಡಬ್ಬಿ ತರೋದು, ಆಟೋ ಮೈಗೆ ಎರಡು ಸಲ ತಟ್ಟಿ "ಬಾರೇ ಈಚೆಗೆ" ಅನ್ನೋದು, ಅಡಿಯಲ್ಲಿ ಮಲಗಿರೋ ಇದು ಮೈ ಮುರೀತಾ ಬರೋದು, ಆಮೇಲೆ ನಾನು ಸ್ಟಾರ್ಟ್ ಮಾಡೋದು. ಆರು ವರ್ಷ. ಒಂದು ದಿನ ತಪ್ಪಿಲ್ಲ.

ಪೆಟ್ಟು ಬಿದ್ದಾಗ ಕೂಗ್ತಾ ಅಂತೀಯಾ? ಇಲ್ಲ. ಒಂದೇ ಸಲ ಕುಂಯ್ ಅಂತು. ಚಕ್ರಕ್ಕೆ ಕಲ್ಲು ಸಿಕ್ತು ಅಂದ್ಕೊಂಡೆ ನಾನು. ಬ್ರೇಕ್ ಹಾಕಿ ಇಳಿದು ನೋಡಿದ್ರೆ...

ಯಾಕೆ ಕೈ ತೆಗೆದೆ?

ಬ್ರೇಕ್ ಹಾಕಿದ್ದು ಅವನು. ಬೈಕಿನೋನು. ಸ್ವಲ್ಪ ಹೊತ್ತು ನಿಂತ... ಇಲ್ಲ, ನಿಲ್ಲಲಿಲ್ಲ ಅಂದೆ. ಹೌದು, ಹಂಗಂದೆ. ಸಣ್ಣಿ, ಬೈಯಿ. ಆಟೋ ಕಡೆ ನೋಡಬೇಡ. ಹಿಂದಿನ ಚಕ್ರ ತೊಳೆದಿದೀನಿ, ಅಲ್ಲೇನೂ ಕಾಣಲ್ಲ.

ಬೈಕೂ ಇಲ್ಲ, ಬೈಕಿನೋನೂ ಇಲ್ಲ. ನಾನೇ. ಸ್ಟಾರ್ಟ್ ಮಾಡಿ ಹಿಂದಕ್ಕೆ ತಗೊಂಡೆ. ನೀನು ಊರಲ್ಲಿಲ್ಲ ಅಂತ ಗೊತ್ತಿತ್ತು. ಇವತ್ತು ಡಬ್ಬಿ ಇಲ್ಲ ಅನ್ನೋದೂ ನೆನಪಿತ್ತು. ಮಧ್ಯಾಹ್ನ ಯಾವ ಹೋಟೆಲಲ್ಲಿ ಉಣ್ಣೋದು ಅಂತ ಯೋಚಿಸ್ತಿದ್ದೆ ಕಣೇ. ತಟ್ಟೋರಿಲ್ಲ ಅನ್ನೋದೊಂದು ತಲೆಗೆ ಬರ್ಲಿಲ್ಲ. ಆರು ವರ್ಷದಿಂದ ಅದು ನಿನ್ನ ಕೆಲಸ, ನಾನು ಒಂದು ದಿನ ಬಗ್ಗಿ ನೋಡಿದವನಲ್ಲ. ಇಂಜಿನ್ ಸದ್ದಿಗೆ ಎದ್ದು ಬರೋಕೇನಾಗಿತ್ತು ಅಂತ ಮೊದಲು ಇದರ ಮೇಲೇ ಸಿಟ್ಟು ಬಂತು ನಂಗೆ. ಆಸ್ಪತ್ರೆ ಬೆಂಚಲ್ಲಿ ಕೂತಾಗ ಹೊಳೀತು. ಅದು ನೀನು ತಟ್ಟಲಿ ಅಂತ ಕಾಯ್ತಾ ಇತ್ತು.

ಎಲ್ಲಿಗೆ ಎದ್ದೆ? ಸಣ್ಣಿ... ಆಟೋ ಹತ್ರ ಹೋಗಬೇಡ. ತಟ್ಟಬೇಡ ಅದನ್ನ, ಕೈ ಮುಗೀತೀನಿ, ಬೇಡ...

ಸಣ್ಣಿ. ತಿರುಗು. ಇಲ್ಲಿ ನೋಡು.

ಕಿವಿ ನೆಟ್ಟಗಾಯ್ತು. ಮುಂದಿನ ಕಾಲು ಊರ್ತಿದೆ. ಹಿಂದಿನದು... ಎಡಗಾಲು, ನೋಡು, ಒದೀತಿದೆ. ಇಲ್ಲ, ನಾನು ಎತ್ತಿಲ್ಲ, ನೈಟಿ ನನ್ನ ಕೈಯಲ್ಲಿಲ್ಲ. ಸಾಕು ಬೆಲ್ಲಿ, ನಿಲ್ಲು, ನೀನು ಆಟೋ ಅಡಿಯಲ್ಲಿಲ್ಲ ಕಣೇ, ಜಗುಲಿ ಮೇಲಿದೀಯ... ಅದಕ್ಕೆ ತಿಳೀತಿಲ್ಲ ಸಣ್ಣಿ. ನೀನು ತಟ್ಟಿದೆಯಲ್ಲ, ಈಚೆಗೆ ಬರ್ತಿದೆ. ಇಪ್ಪತ್ತು ದಿನ ಆದ್ಮೇಲೆ ಈಚೆಗೆ ಬರ್ತಿದೆ.