ಸಾಲಿಗೊಂದು ಆಬ್ಜೆಕ್ಟ್

ಆಸ್ಪತ್ರೆಯಲ್ಲಿ ಗಾಯಕ್ಕೆ ಹೊಲಿಗೆ ಹಾಕುವ ಕೋಣೆಯ ಹೊರಗೆ ನನ್ನ ಪಕ್ಕದಲ್ಲಿ ಕೂತಿದ್ದ ಯಾರೋ ಭಾವ, ಅವನ ಭಾಮೈದ ಇಬ್ಬರೂ ಪ್ರೋಗ್ರಾಮರ್‌ಗಳು. ಭಾಮೈದನ ಹುಬ್ಬಿನಿಂದ ರಕ್ತ ಸೋರುತ್ತಿತ್ತು.

“ಕೀಬೋರ್ಡ್ ತಗೊಂಡು ಹೊಡೆಯೋದಾ ಭಾವ?”

“ಮತ್ತೇನು, ಮುತ್ತು ಕೊಡ್ಲಾ? ಫೈಲಿನ ಲಕ್ಷ ಸಾಲು ಓದೋಕೆ ಸಾಲಿಗೊಂದರಂತೆ ಲಕ್ಷ ಆಬ್ಜೆಕ್ಟ್ ಮಾಡಿ, ಮೆಮೊರಿ ತುಂಬಿಸಿ ಸರ್ವರ್ ಕೊಂದ್ಯಲ್ಲೋ!”

“ನಾನು ಬರೆದ ಫಂಕ್ಷನ್ ಹೊರಗಿನದೇನನ್ನೂ ಮುಟ್ಟಬಾರದು. ಅದಕ್ಕೇ ಪ್ರತಿ ಸಾಲಿಗೂ ಒಳಗೇ ಹೊಸದು ಮಾಡ್ಕೊಂಡೆ.”

“ಸಾಲು ಓದೋ ಆಬ್ಜೆಕ್ಟ್ ಹೊರಗೆ ಒಂದೇ ಸಲ ಮಾಡಿ ಫಂಕ್ಷನ್ ಕೈಗೆ ಕೊಟ್ಟಿದ್ರೆ ಸಾಕಿತ್ತು.”

“ಬಾಯಲ್ಲಿ ಹೇಳಬಹುದಿತ್ತು.”

“ಮೂರು ಸಲ ಹೇಳ್ದೆ. ನೀನು ನಕ್ಕೆ.”

ಭಾವ ಅವನ ಕಡೆ ಬಾಗಿ ದನಿ ತಗ್ಗಿಸಿದ.

“ನೋಡು, ಬಿದ್ದೆ ಅಂತ ಹೇಳು. ಪೊಲೀಸ್ ಬಂದ್ರೆ ನಿಮ್ಮಕ್ಕನ ಗತಿ?”

“ಅಕ್ಕನಿಗೂ ಹೀಗೇ ಹೊಡೀತೀರಾ?”

ಭಾವ ಹೊರಬಾಗಿಲ ಕಡೆ ನೋಡಿದ.

ನರ್ಸ್ ಬಾಗಿಲು ತೆರೆದು, ಏನಾಯಿತೆಂದು ಕೇಳಿದಳು.

“ಇವ್ರು ಹೊಡೆದ್ರು, ಬರ್ಕೊಳ್ಳಿ,” ಎಂದು ಭಾವನತ್ತ ಕೈ ತೋರಿಸುತ್ತ ಭಾಮೈದ ಒಳಗೆ ಹೋದ. ಭಾವ ಎದ್ದು ಹೊರಬಾಗಿಲ ಕಡೆ ನಡೆದ.